ಟೇಪಿನ ಪಕ್ಕದ ಗುಡ್ಡ

ಮುಹರ್ರಕ್‌ನ ಮದುವೆ ಹಾಲು. ಹೆಂಗಸರ ಬಾಗಿಲಲ್ಲಿ
ಎಲ್ಲರ ಫೋನಿಗೂ ಒಂದೊಂದು ಚೀಲ, ಚೀಟಿ, ನಂಬರು.
ನನ್ನ ಕ್ಯಾಮೆರಾಕ್ಕೆ ಮಾತ್ರ ಒಳಗೆ ಹೋಗುವ ಹಕ್ಕು;
ಅದಕ್ಕೂ ಒಂದು ಷರತ್ತು.

ಹುಡುಗಿಯ ತಾಯಿ ಉಮ್ ರಾಶಿದ್
ಕರೆಂಟಿನವರ ಕಪ್ಪು ಟೇಪನ್ನು ಹಲ್ಲಲ್ಲಿ ಕಡಿದು
ಹಿಂದಿನ ಪರದೆಯಲ್ಲಿ ಚಿತ್ರ ಮೂಡುವ ಅರ್ಧಕ್ಕೆ
ತಾನೇ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ,
ಉಳಿದರ್ಧ ತೋರಿಸಿ ಕೇಳಿದಳು: ಇದೇನು?
ಹಿಸ್ಟೋಗ್ರಾಮ್, ಅಂದೆ. ಬೆಳಕಿನ ಲೆಕ್ಕ.
ಮುಖ ಕಾಣುತ್ತದಾ ಇದರಲ್ಲಿ?
ಇಲ್ಲ.
ಹಾಗಾದರೆ ಇರಲಿ.

ನನಗೇನೂ ನಷ್ಟವಾಗಲಿಲ್ಲ.
ಹನ್ನೊಂದು ವರ್ಷದ ಹಿಂದೆ, ಮನಾಮದ ಸ್ಟುಡಿಯೋದಲ್ಲಿ,
ಉಳ್ಳಾಲದ ಶೇಖಬ್ಬಣ್ಣ ಮೊದಲ ದಿನವೇ ಹೇಳಿದ್ದರು:
ಜಲಜಾಕ್ಷಿ, ಪರದೆಯ ಚಿತ್ರ ಮುಖಸ್ತುತಿ ಮಾಡುತ್ತದೆ.
ಕತ್ತಲ ಹಾಲಿನಲ್ಲಿ ಎಲ್ಲ ಚಂದ,
ಹೊರಗೆ ಬಿಸಿಲಿಗೆ ಹಿಡಿದರೆ ಎಲ್ಲ ಮಸಿ.
ಗುಡ್ಡ ನೋಡು. ಗುಡ್ಡಕ್ಕೆ ದಾಕ್ಷಿಣ್ಯ ಇಲ್ಲ.

ಎಡಗೋಡೆ ಕಪ್ಪು, ಬಲಗೋಡೆ ಬಿಳಿ.
ಎಡಕ್ಕೆ ಒರಗಿ ಮಲಗಿದ್ದನ್ನು
ತರಿತರಿಯಾದರೂ ಎಬ್ಬಿಸಬಹುದು ಆಮೇಲೆ;
ಬಲಗೋಡೆ ಹತ್ತಿ ಆಚೆ ಬಿದ್ದದ್ದು ಬಿದ್ದೇ ಹೋಯಿತು,
ಅಲ್ಲಿ ಕಸೂತಿಯಿಲ್ಲ, ನೆರಿಗೆಯಿಲ್ಲ, ಬರೀ ಕಾಗದ.
ದೀಪ ಸುಡಲಿ, ವಜ್ರ ಸುಡಲಿ, ಅನ್ನುತ್ತಿದ್ದರು,
ಹುಡುಗಿಯ ಕೆನ್ನೆ ಸುಡಬಾರದು.

ಕ್ಯಾಮೆರಾದ್ದು ಒಂದೇ ಹಟ: ಲೋಕವೆಲ್ಲ ಬೂದಿಯಾಗಬೇಕು.
ಬಿಳಿ ಗೌನಿನ ಎದುರು ಬಿಟ್ಟರೆ ಗೌನು ಬೂದಿ.
ಮುಕ್ಕಾಲು ಸ್ಟಾಪ್ ಏರಿಸಿದೆ. ಗುಡ್ಡ ಬಲಕ್ಕೆ ಸರಿದು
ಗೋಡೆಗೆ ಒಂದು ಬೆರಳು ಇರುವಾಗ ನಿಂತಿತು.
ಅಲ್ಲೇ ನಿಲ್ಲು ಮಾರಾಯ್ತಿ, ಅಂದುಕೊಂಡೆ.

ಹನ್ನೆರಡೂವರೆಗೆ ಯಾರೋ ಕೂಗಿದರು: ವರ ಬಂದ!
ಹಸಿರು, ಕೆನ್ನೀಲಿ, ಬರಿತೋಳು, ಮಿಂಚುವ ಬೆನ್ನು
ಅರ್ಧ ನಿಮಿಷದಲ್ಲಿ ಎಲ್ಲವೂ ಅಬಾಯಾದೊಳಗೆ.
ದೋಣಿಯಲ್ಲಿ ಎಲ್ಲರೂ ಒಂದೇ ಬದಿಗೆ ಓಡಿದ ಹಾಗೆ
ಗುಡ್ಡಕ್ಕೆ ಗುಡ್ಡವೇ ಎಡಕ್ಕೆ ವಾಲಿತು.
ಹೆದರಲಿಲ್ಲ. ಹಾಲು ಕಪ್ಪಾದಾಗ ಗುಡ್ಡ ಎಡಕ್ಕಿರುವುದೇ ನ್ಯಾಯ,
ಅದನ್ನು ನಡುವಿಗೆ ಎಳೆದು ತರುವವರು ಹೊಸಬರು.
ಬಲತುದಿಯಲ್ಲಿ ಗೂಟದಂತೆ ಒಂದೇ ಒಂದು ಗೆರೆ:
ಅವಳು.

ಮತ್ತೆ ಸರಿ ನಡುವೆ ಒಂದು ಪುಟ್ಟ ಗುಬ್ಬು.
ಗುಡ್ಡ ಎಷ್ಟು ಎಂದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ.
ಕಣ್ಣೆತ್ತಿ ನೋಡಿದೆ. ಗಾಲಿಕುರ್ಚಿಯ ಅಜ್ಜಿ,
ಅಬಾಯಾ ತಂದ ಮೊಮ್ಮಗಳನ್ನು ಕೈಬೀಸಿ ಓಡಿಸಿ
ನಸ್ಯ ಬಣ್ಣದ ಶಾಲಿನಲ್ಲೇ ಕೂತು
ಖರ್ಜೂರದ ಬೀಜ ಉಗುಳುತ್ತಿದ್ದಳು.

ಎರಡು ಗಂಟೆಗೆ ಉಮ್ ರಾಶಿದ್ ಕೈಚಾಚಿದಳು.
ಎರಡೂ ಕಾರ್ಡು ಅವಳ ಪರ್ಸಿಗೆ, ಲಕೋಟೆ ನನಗೆ.
ಟೇಪು ಕಿತ್ತ ಜಾಗದಲ್ಲಿ ಗೋಂದಿನ ಅಂಟು.
ಕ್ಯಾಮೆರಾ ಕಾರ್ಡಿಲ್ಲ ಕಾರ್ಡಿಲ್ಲ ಎಂದು ಮಿಟುಕಿಸಿತು.
ನೋಡಿದ್ದನ್ನು ಹೊರಗೆ ಹೇಳುವುದಿಲ್ಲವೆಂದು
ಮಾತು ಕೊಟ್ಟು ಬಂದೆ.

ಹೊರಗೆ ವ್ಯಾನಿನಲ್ಲಿ ಶೇಖಬ್ಬಣ್ಣ,
ಮೂವತ್ತು ವರ್ಷದಿಂದ ಈ ಬಾಗಿಲ ಹೊರಗೇ ಚಹಾ ಕುಡಿದವರು.
ಹೇಗಿತ್ತು?
ನನ್ನ ಬದಿಯ ಗಾಜಿನ ಮೇಲೆ ಎರಡು ದಿನದ ಧೂಳು.
ಬೆರಳಿನಿಂದ ಬರೆದೆ: ಎಡಕ್ಕೆ ದೊಡ್ಡದು,
ನಡುವೆ ಗುಬ್ಬು, ಬಲಕ್ಕೆ ಗೂಟ.
ಕನ್ನಡಕ ಹಾಕಿ, ಫೋನಿನ ದೀಪ ಹಿಡಿದು ನೋಡಿದರು,
ಬಹಳ ಹೊತ್ತು, ಮದುವೆಗೇ ಹೋದವರ ಹಾಗೆ.
ಬಲಕ್ಕೆ ಅರ್ಧ ಸ್ಟಾಪ್ ಜಾಗ ಬಿಟ್ಟಿದ್ದೀ. ಒಳ್ಳೇದು.
ಈ ನಡುವಿನದ್ದು ಏನು?
ನಾನು ಮಾತಾಡಲಿಲ್ಲ.
ಹೇಳಬಾರದಾ? ಬೇಡ ಬಿಡು, ಎಂದು ನಕ್ಕು ಗಾಡಿ ಬಿಟ್ಟರು.

ಒಳಗೆ ಕೂತರೆ ಗುಡ್ಡ ತಿರುಗುಮುರುಗು,
ಬಿಳಿ ಎಡಕ್ಕೆ, ಕಪ್ಪು ಬಲಕ್ಕೆ.
ಸೇತುವೆಯ ದೀಪಗಳು ಒಂದೊಂದೇ
ಗೂಟದ ಹತ್ತಿರ ಹೊಕ್ಕು,
ಅಜ್ಜಿಯನ್ನು ದಾಟಿ,
ಕಪ್ಪಿನ ಬದಿಗೆ ಇಳಿದು ಹೋದವು.